ಗಾಜಿನ ಗಾಡಿಗೆ ಬಿಸಿ ಸೀಟು

ಡಿಸೆಂಬರ್ 3, ಮಂಗಳವಾರ

ಇದು ಗಾಜಿನಂಗಡಿಯ ಹಳೆಯ ಆರ್ಡರ್ ಪುಸ್ತಕ. ಮುಂದಿನ ಅರ್ಧದಲ್ಲಿ ಅಕ್ಕನ ಮಗಳು ಯಾರ ಕಿಟಕಿ ಎಷ್ಟುದ್ದ, ಎಷ್ಟಗಲ ಎಂದು ಗೀಚಿದ್ದಾಳೆ. ಹಿಂದಿನ ಅರ್ಧ ಖಾಲಿ ಇತ್ತು, ಇನ್ನು ಮೇಲೆ ಅದು ನನ್ನದು. ನನ್ನ ಅಕ್ಷರ ಈಗಲೂ ಮುತ್ತು ಪೋಣಿಸಿದ ಹಾಗಿದೆ. ಏಳನೇ ಕ್ಲಾಸಿನಲ್ಲಿ ಮೇಷ್ಟ್ರು ನನ್ನ ಕಾಪಿ ಪುಸ್ತಕವನ್ನು ಇಡೀ ಶಾಲೆಗೆ ಎತ್ತಿ ತೋರಿಸಿದ್ದರು. ತೋರಿಸಿದ್ದು ಕೊನೆಯ ಪುಟದಲ್ಲಿ ನಾನು ಬರೆದಿದ್ದ ಮೇಷ್ಟ್ರ ಮೂಗಿನ ಚಿತ್ರವನ್ನು, ಅದು ಬೇರೆ ಮಾತು.

ಹಲ್ಲಿನ ಡಾಕ್ಟರಿಗೆ ತೋರಿಸಿಕೊಂಡು ನಾಲ್ಕು ದಿನದಲ್ಲಿ ಹೊರಡುತ್ತೇನೆ ಎಂದು ಅಕ್ಕನ ಮನೆಗೆ ಬಂದವನು ನಾನು. ಮೂರು ತಿಂಗಳಾಯಿತು. ನಾನು ಹೊರಟರೆ ಈ ಇಬ್ಬರು ಹೆಂಗಸರ ಗತಿ ಏನು ಎಂದು ಯೋಚಿಸಿ ಉಳಿದಿದ್ದೇನೆ.

ಬೆಳಿಗ್ಗೆ ಅಂಗಳದಲ್ಲಿ ಹುಡುಗಿ ಪಿಕಪ್ಪು ಹತ್ತುವುದನ್ನು ನೋಡಿದೆ. ಹುಡುಗಿ ಅಂದರೆ ಅಕ್ಕನ ಮಗಳು, ಮೂವತ್ತೆರಡು ವರ್ಷ. ಒಂದು ಕಾಲು ಇಟ್ಟಳು, ಬಾಗಿಲು ಹಿಡಿದು ನಿಂತಳು, ಹಲ್ಲು ಕಚ್ಚಿದಳು, ಆಮೇಲೆ ಇನ್ನೊಂದು ಕಾಲು.

“ಏನೇ, ನಿಮ್ಮಮ್ಮನಿಗಿಂತ ನಿಧಾನ ಹತ್ತುತ್ತೀಯ?”

“ಬೆಳಿಗ್ಗೆ ಆರಕ್ಕೆ ಈ ಸೀಟಲ್ಲಿ ಕೂತು ನೋಡು ಮಾಮಾ. ಮಂಜುಗಡ್ಡೆ ಮೇಲೆ ಮೀನು ಇಟ್ಟಂಗಿರುತ್ತೆ. ನಾನೇ ಮೀನು.”

ಅವಳ ಸೊಂಟದ ಡಿಸ್ಕು ಜಾರಿದೆಯಂತೆ. ಗಾಜು ಎತ್ತುವ ಕೆಲಸಕ್ಕೆ ಅಂಗಡಿಯಲ್ಲಿ ಒಬ್ಬ ಆಳಿದ್ದಾನೆ, ಅದಕ್ಕೆ ತೊಂದರೆಯಿಲ್ಲ. ಗಾಡಿಯಲ್ಲಿ ಕೂರುವುದೇ ಕಷ್ಟ. ಸೊಂಟವನ್ನು ಬೆಚ್ಚಗಿಡಬೇಕು, ಈ ಚಳಿಗಾಲ ಹೀಗೇ ಕಳೆದರೆ ಡ್ರೈವಿಂಗ್ ಬಿಟ್ಟೇಬಿಡಬೇಕು ಎಂದು ಡಾಕ್ಟರು ಹೇಳಿದ್ದಾರೆ. ಗಾಡಿ ಬಿಟ್ಟರೆ ಅಂಗಡಿ ಬಿಟ್ಟ ಹಾಗೆ. ಮನೆಮನೆಗೆ ಗಾಜು ಒಯ್ದು ಕೂರಿಸುವುದರಿಂದಲೇ ಅವಳ ಅಂಗಡಿ ನಡೆಯುವುದು. ಆ ಅಂಗಡಿಯೋ, ಅವಳೊಬ್ಬಳೇ ಕಟ್ಟಿದ್ದು. ಮದುವೆ ಮಾತೆತ್ತಿದವರಿಗೆ ಗಾಜು ಕೊಯ್ಯುವ ವಜ್ರದ ಮೊನೆ ತೋರಿಸುತ್ತಾಳೆ.

ಸೀಟಿನೊಳಗೆ ಇಡುವ ಬಿಸಿ ಪ್ಯಾಡುಗಳು ಸಿಗುತ್ತವಂತೆ. ಸೀಟ್ ಕವರಿನ ಅಂಗಡಿಯವನು ಮುಂದಿನ ತಿಂಗಳು ಬನ್ನಿ ಅಂದನಂತೆ.

“ಅವನ್ಯಾಕೆ? ಒಂದು ದಿನದ ಕೆಲಸ, ನಾನು ಹಾಕ್ತೀನಿ,” ಅಂದೆ.

ಅಕ್ಕ ಒಳಗಿನಿಂದಲೇ ಕೂಗಿದಳು: “ಲೋ, ನೀನು ರಿಪೇರಿ ಮಾಡಿದ ಫ್ಯಾನು ಈಗಲೂ ಗಾಳೀನ ಸೂರಿಗೆ ಬಿಡುತ್ತೆ!”

“ಸೂರಲ್ಲಿರೋ ಜೇಡಕ್ಕೂ ಸೆಕೆ ಆಗುತ್ತಕ್ಕಾ.”

ನಲವತ್ತು ವರ್ಷ ಟ್ರ್ಯಾಕ್ಟರು, ಪಂಪ್‌ಸೆಟ್ಟು ಬಿಚ್ಚಿ ಕಟ್ಟಿದವನು ನಾನು. ಒಂದು ಸೀಟು ಯಾವ ಲೆಕ್ಕ.

ಡಿಸೆಂಬರ್ 6, ಶುಕ್ರವಾರ

ಪ್ಯಾಡಿನ ಪೆಟ್ಟಿಗೆ ಬಂತು. ಒಳಗೆ ಎರಡು ಕಪ್ಪು ಹಾಳೆ, ಒಂದು ಕೂರುವುದಕ್ಕೆ, ಒಂದು ಬೆನ್ನಿಗೆ. ವೈರುಗಳ ಜಡೆ, ಒಂದು ಫ್ಯೂಸು, ಒಂದು ರಿಲೇ, ಒಂದು ಗುಂಡು ಸ್ವಿಚ್ಚು. ಜೊತೆಗೆ ಒಂದು ಮಡಿಸಿದ ಕಾಗದ, ತುಂಬ ಇಂಗ್ಲಿಷು.

“ಓದಿ ಹೇಳಲಾ ಮಾಮಾ?” ಅಂದಳು.

“ಚಿತ್ರ ಇದೆಯಲ್ಲ. ಚಿತ್ರಕ್ಕೆ ಯಾವ ಭಾಷೆ?”

ನಿಜಕ್ಕೂ ಚಿತ್ರ ಚೆನ್ನಾಗಿವೆ. ಮೊದಲನೆಯದು ಬ್ಯಾಟರಿ, ಅದರ ಒಂದು ವೈರಿನ ಮೇಲೆ ದೊಡ್ಡದಾಗಿ ಅಡ್ಡ ಗೆರೆ. ಬ್ಯಾಟರಿ ತಂಟೆಗೆ ಹೋಗಬೇಡ ಅಂತ ಅರ್ಥ. ಮುಟ್ಟಬಾರದ್ದನ್ನು ಮೊದಲೇ ಹೇಳಿದ್ದಾರೆ. ಒಳ್ಳೆಯ ಕಂಪನಿ.

ಬೀದಿ ಕೊನೆಯ ಎಲೆಕ್ಟ್ರಿಷಿಯನ್ ಗೇಟಿನ ಹತ್ತಿರ ನಿಂತು ನೋಡಿದ. ಎಲ್ಲರೂ ಅವನನ್ನು ಫ್ಯೂಸಣ್ಣ ಅನ್ನುತ್ತಾರೆ, ಯಾರ ಮನೆಗೆ ಹೋದರೂ ಮೊದಲು ಫ್ಯೂಸಿನ ಕಡೆಗೇ ಕೈ ತೋರಿಸುತ್ತಾನೆ.

“ಸಹಾಯ ಬೇಕಾ ಯಜಮಾನ್ರೇ?”

“ಬೇಕಾದ್ರೆ ಕಲಿಯೋಕೆ ಬಾ,” ಅಂದೆ. ಪಾಪ, ಮುಖ ಸಣ್ಣ ಮಾಡಿಕೊಂಡು ಹೋದ.

ಡಿಸೆಂಬರ್ 8, ಭಾನುವಾರ

ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ಕೆಲಸ. ಬೆರಳಲ್ಲಿ ಬಲವಿಲ್ಲ, ಆದರೂ ಬರೆಯಲೇಬೇಕು. ಇಂಥ ಕೆಲಸ ದಾಖಲಾಗದೆ ಹೋಗಬಾರದು.

ಅಂಗಳದಲ್ಲಿ ಹಳೆಯ ಕಂಬಳಿ ಹಾಸಿ ಅದರ ಮೇಲೆ ಸ್ಪ್ಯಾನರುಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದೆ. ಡ್ರೈವರ್ ಸೀಟಿಗೆ ನಾಲ್ಕು ಬೋಲ್ಟು. ಮೂರು ಹೇಳಿದ ಮಾತು ಕೇಳಿದವು. ನಾಲ್ಕನೆಯದಕ್ಕೆ ಎಣ್ಣೆ ಬಿಟ್ಟೆ, ಬೈದೆ, ಸುತ್ತಿಗೆಯಲ್ಲಿ ತಟ್ಟಿದೆ, ಕೊನೆಗೆ ಹೊಗಳಿದೆ. ಹೊಗಳಿದ ಮೇಲೆ ಬಂತು. ಸೀಟಿನ ಕೆಳಗೆ ಒಂದು ಹಳದಿ ಪ್ಲಗ್ಗು ಇತ್ತು, ಅದನ್ನು ಕಳಚಿ ಸೀಟನ್ನು ಎತ್ತಿ ಕಂಬಳಿಯ ಮೇಲೆ ಮಲಗಿಸಿದೆ.

ಕವರನ್ನು ಸೀಟಿಗೆ ಕಬ್ಬಿಣದ ಸಣ್ಣ ಬಳೆಗಳಿಂದ ಕಚ್ಚಿಸಿರುತ್ತಾರೆ. ಇಪ್ಪತ್ತೆರಡು ಬಳೆ. ಒಂದೊಂದನ್ನೂ ಇಕ್ಕಳದಿಂದ ಕತ್ತರಿಸಿದೆ. ಕವರು ಕಳಚಿದಾಗ ಒಳಗಿನ ಸ್ಪಂಜು ಕಂಡಿತು. ಹುಡುಗಿ ಕೂರುವ ಜಾಗದಲ್ಲಿ ಎಡಗಡೆ ಹೆಚ್ಚು ತಗ್ಗು, ಬಲಗಡೆ ಕಡಿಮೆ. ನೋವಿನ ಬದಿಗೆ ಭಾರ ಬಿಡದೆ ವಾಲಿಕೊಂಡೇ ಕೂರುತ್ತಿದ್ದಾಳೆ ಎಂದಾಯಿತು. ಎಷ್ಟು ದಿನದಿಂದಲೋ. ಬಾಯಿಬಿಟ್ಟು ಒಮ್ಮೆಯಾದರೂ ಹೇಳಿದಳೇ? ಹಳೆಯ ಸ್ಪಂಜಿನ ಒಂದು ತುಂಡು ಕೊಯ್ದು ಆ ತಗ್ಗನ್ನು ತುಂಬಿಸಿದೆ. ಇದು ಕಾಗದದಲ್ಲಿ ಇರಲಿಲ್ಲ, ನನ್ನ ಬುದ್ಧಿ.

ಪ್ಯಾಡಿನ ಹಿಂದಿನ ಅಂಟು ಬಿಡಿಸಿ, ಸುಕ್ಕು ಬಾರದ ಹಾಗೆ ಅಂಗೈಯಿಂದ ತೀಡಿ ತೀಡಿ ಅಂಟಿಸಿದೆ. ಹಾಡಿಲ್ಲದೆ ನನ್ನ ಕೈ ಓಡುವುದಿಲ್ಲ. ಪಂಪ್‌ಮನೆಯಲ್ಲೂ ರೇಡಿಯೋ ಇಟ್ಟುಕೊಂಡೇ ಕೆಲಸ ಮಾಡಿದವನು. ಗಾಡಿಯ ಕೀಲಿ ತಿರುಗಿಸಿ ರೇಡಿಯೋ ಹಾಕಿಕೊಂಡೆ. ಒಳ್ಳೊಳ್ಳೆಯ ಹಳೆಯ ಹಾಡು ಬಂದವು.

ಹೊಸ ಬಳೆಗಳಿಂದ ಕವರನ್ನು ಮತ್ತೆ ಕಚ್ಚಿಸಿ, ಸೀಟು ಕೂರಿಸಿ, ಪ್ಲಗ್ಗು ಸಿಕ್ಕಿಸಿ, ವೈರನ್ನು ಕಾರ್ಪೆಟ್ಟಿನ ಕೆಳಗೆ ಎಳೆದು, ಡ್ಯಾಶ್‌ಬೋರ್ಡಿನಲ್ಲಿ ತೂತು ಕೊರೆದು ಸ್ವಿಚ್ಚು ಕೂರಿಸಿದೆ. ಒತ್ತಿದೆ. ಎರಡು ನಿಮಿಷದಲ್ಲಿ ಕೆಳಗಿನಿಂದ ಬಿಸಿ ಏರಿತು ನೋಡು! ಹಸು ಎದ್ದು ಹೋದ ಜಾಗದಲ್ಲಿ ಕೂತ ಹಾಗೆ.

ಆದರೆ ಡ್ಯಾಶ್‌ಬೋರ್ಡಿನಲ್ಲಿ ಒಂದು ಕೆಂಪು ದೀಪ ಹತ್ತಿಕೊಂಡಿತ್ತು. ಹೊಟ್ಟೆ ಮುಂದೆ ಬಂದ ಒಬ್ಬ ಮನುಷ್ಯ ಕೂತ ಹಾಗೆ ಅದರ ಚಿತ್ರ. ಕೀಲಿ ತೆಗೆದು ಹಾಕಿದೆ, ಮತ್ತೆ ಹತ್ತಿತು. ಬಾಗಿಲು ಹಾಕಿ ತೆಗೆದೆ, ಮತ್ತೆ ಹತ್ತಿತು. ಡೊಳ್ಳು ಹೊಟ್ಟೆಯವನು ಹೋಗಲೊಲ್ಲ.

ಗಾಡಿ ಓಡುತ್ತದೆ, ಸೀಟು ಕಾಯುತ್ತದೆ, ದೀಪಕ್ಕೆ ಏನು ಕೇಡು? ಸೊಂಟ ನೋವಿನವಳಿಗೆ ದೀಪದ ಚಿಂತೆ ಬೇರೆ ಯಾಕೆ? ಕರಿ ಟೇಪನ್ನು ಹುಣಸೆ ಬೀಜದಷ್ಟು ಕತ್ತರಿಸಿ ಅದರ ಮೇಲೆ ಅಂಟಿಸಿದೆ. ಚೆನ್ನಾಗಿ ಕೂತಿದೆ.

ಡಿಸೆಂಬರ್ 9, ಸೋಮವಾರ

ಗೆದ್ದೆ!

ಬೆಳಿಗ್ಗೆ ಹೋದವಳು ಮಧ್ಯಾಹ್ನ ಬಂದು ಗಾಡಿಯಿಂದ ಒಂದೇ ಸಲಕ್ಕೆ ಇಳಿದಳು. ಇಳಿದು ನನ್ನ ಎರಡು ಕೆನ್ನೆ ಹಿಂಡಿದಳು.

“ಮಾಮಾ, ಇದು ಸೀಟಲ್ಲ, ಬಿಸಿನೀರಿನ ತೊಟ್ಟಿ! ಎಡಗಡೆ ತಗ್ಗು ಬೇರೆ ತುಂಬಿಸಿದ್ದೀಯ. ನಿನಗೆ ಹೇಗೆ ಗೊತ್ತಾಯ್ತು?”

“ಸ್ಪಂಜು ಸುಳ್ಳು ಹೇಳಲ್ಲ,” ಅಂದೆ.

ಅಕ್ಕ ಕೂಡ ಎರಡನೇ ಸಲ ಟೀ ಕೊಟ್ಟಳು, ಕೇಳದೆಯೇ.

ಡಿಸೆಂಬರ್ 11, ಬುಧವಾರ

ಹುಡುಗಿ ಹೋದ ಹೋದ ಮನೆಯಲ್ಲೆಲ್ಲ ನನ್ನ ಸುದ್ದಿ ಹೇಳುತ್ತಿದ್ದಾಳಂತೆ. ಪೇಟೆಗೆ ಹೋದರೆ ಬೇಕರಿಯವಳು, “ಬಿಸಿ ಸೀಟಿನ ಮಾಮ ನೀವೇನಾ?” ಅಂದಳು. ಇನ್ನು ಈ ಊರಲ್ಲಿ ನನಗೆ ಅದೇ ಹೆಸರು.

ಟೀ ಅಂಗಡಿಯಲ್ಲಿ ಫ್ಯೂಸಣ್ಣ ಸಿಕ್ಕಿದ. ಸುಮ್ಮನೆ, ಮಾತಿಗೆ ಮಾತು ಎಂದು, “ನನ್ನ ಸ್ನೇಹಿತನೊಬ್ಬನ ಗಾಡೀಲಿ ಒಂದು ಕೆಂಪು ದೀಪ ಹತ್ತಿದೆಯಂತೆ, ಡೊಳ್ಳು ಹೊಟ್ಟೆಯವನು ಕೂತಿರೋ ಥರ,” ಅಂದೆ.

“ಹೊಟ್ಟೆ ಅಲ್ಲ ಯಜಮಾನ್ರೇ, ಅದು ಏರ್‌ಬ್ಯಾಗು. ಗಾಡಿ ಗುದ್ದಿದಾಗ ಎದೆ ಮುಂದೆ ಉಬ್ಬಿ ಜೀವ ಉಳಿಸೋ ಗಾಳಿ ಚೀಲ.”

“ದೀಪ ಹತ್ತಿದ್ರೆ?”

“ಅದು ಕೆಲಸ ಮಾಡಲ್ಲ ಅಂತ. ಗುದ್ದಿದ್ರೆ ಸ್ಟೀರಿಂಗಿಗೂ ಎದೆಗೂ ನಡುವೆ ಏನೂ ಇರಲ್ಲ. ನಿಮ್ಮ ಸ್ನೇಹಿತರಿಗೆ ಹೇಳಿ, ಸರಿ ಮಾಡಿಸೋ ತನಕ ಗಾಡಿ ತೆಗೀಬೇಡಿ ಅಂತ.”

ಹೇಳುತ್ತೇನೆ ಅಂದೆ. ಟೀಯಲ್ಲಿ ಸಕ್ಕರೆ ಹಾಕಿರಲಿಲ್ಲ ಅನ್ನಿಸುತ್ತದೆ, ಕುಡಿಯಲಾಗಲಿಲ್ಲ.

ಅವನನ್ನೇ ಕರೆದು ಗುಟ್ಟಾಗಿ ನೋಡಿಸಬಹುದು. ಆದರೆ ಅವನ ಬಾಯಿ ಅಂದರೆ ಊರಿಗೆ ಊರೇ ಕೇಳುವ ಬಾಯಿ. ಮೊನ್ನೆ ತಾನೇ ಕಲಿಯೋಕೆ ಬಾ ಅಂದಿದ್ದೇನೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ.

ಇಷ್ಟಕ್ಕೂ ಅವಳು ಒಳ್ಳೆಯ ಡ್ರೈವರು. ಗಾಜು ಹೊತ್ತು ಹೋಗುವವಳು, ಯಾರಿಗೆ ಗುದ್ದುತ್ತಾಳೆ?

ಡಿಸೆಂಬರ್ 12, ಗುರುವಾರ

ಅವಳ ಗಾಡಿ ವಾಪಸು ಬರುವವರೆಗೆ ಗೇಟಿನ ಕೀಲುಗಳಿಗೆ ಎಣ್ಣೆ ಬಿಟ್ಟೆ, ಆರು ಸಲ.

ಡಿಸೆಂಬರ್ 13, ಶುಕ್ರವಾರ

ಇವತ್ತಿನಿಂದ ನಾನೂ ಅವಳ ಜೊತೆ ಗಾಡಿಯಲ್ಲಿ ಹೋಗುತ್ತಿದ್ದೇನೆ. ಅಂಗಡಿಯ ಆಳಿಗೆ ಬೈಸಿಕಲ್ಲಿನಲ್ಲಿ ಹಿಂದೆ ಬಾ ಅಂದೆ. ಅವನಿಗೂ ಕಾಲಿಗೆ ಕಸರತ್ತು. ಹೊಸ ಸೀಟನ್ನು ಒಂದಷ್ಟು ದಿನ ಪಕ್ಕದಲ್ಲೇ ಕೂತು ಗಮನಿಸಬೇಕು, ಬಿಸಿ ಜಾಸ್ತಿಯೋ ಕಡಿಮೆಯೋ ಎಂದು. ಅದಕ್ಕೇ ಹೊರಟದ್ದು, ಬೇರೇನಿಲ್ಲ.

“ನಿಧಾನ,” ಅಂದೆ, ಮೊದಲ ತಿರುವಿನಲ್ಲೇ.

“ಮಾಮಾ, ಮೂವತ್ತರಲ್ಲಿ ಹೋಗ್ತಿದೀನಿ.”

“ಇಪ್ಪತ್ತೈದಕ್ಕೆ ಬಾ. ಬೆಲ್ಟು ಬಿಗಿ ಇದೆಯಾ? ಎಳೆದು ನೋಡು.”

“ಹಿಂದೆ ಇರೋ ಗಾಜಿಗಿಂತ ನಿನ್ನನ್ನೇ ಹುಷಾರಾಗಿ ಸಾಗಿಸಬೇಕು,” ಎಂದು ನಕ್ಕಳು.

ಹಿಂದೆ ಮರದ ಚೌಕಟ್ಟಿಗೆ ಒರಗಿಸಿ, ನಡುವೆ ರಟ್ಟು ಇಟ್ಟು, ಪಟ್ಟಿ ಬಿಗಿದು ನಿಲ್ಲಿಸಿದ ಗಾಜು. ಕನ್ನಡಿಯಲ್ಲಿ ನೋಡಿದರೆ ಗಾಜು ಇದ್ದದ್ದೇ ಗೊತ್ತಾಗುವುದಿಲ್ಲ, ಹಿಂದಿನ ರಸ್ತೆಯೇ ಕಾಣುತ್ತದೆ. ಮೂರು ತಿಂಗಳಿಂದ ಇವಳ ಮನೆಯಲ್ಲಿದ್ದೇನೆ, ಇವಳು ಕೆಲಸ ಮಾಡುವುದನ್ನು ನೋಡಿಯೇ ಇರಲಿಲ್ಲ. ಹಳೆಯ ಲಪ್ಪ, ಅಂದರೆ ಗಾಜನ್ನು ಕಚ್ಚಿ ಹಿಡಿಯುವ ಪುಟ್ಟಿ, ಕೆರೆದು, ಚೌಕಟ್ಟನ್ನು ಬೆರಳಲ್ಲಿ ಸವರಿ, ಗಾಜನ್ನು ಉಸಿರು ಹಿಡಿದು ಒಳಗೆ ತಳ್ಳುತ್ತಾಳೆ. ಕೂತ ಮೇಲೆ ಉಸಿರು ಬಿಡುತ್ತಾಳೆ. ನಾನೂ ಬಿಟ್ಟೆ.

ಡಿಸೆಂಬರ್ 17, ಮಂಗಳವಾರ

ಒಂದು ಮನೆಯ ಅಡಿಗೆಮನೆ ಕಿಟಕಿಗೆ ಗಾಜು ಕೂರಿಸಿದಳು. ಎಲ್ಲ ಮುಗಿದ ಮೇಲೆ ಮನೆಯಾಕೆಯನ್ನು ಕರೆದು, “ಅಮ್ಮಾ, ಕೆಳಗಿನ ಮೂಲೇಲಿ ಒಂದು ಗೀರಿದೆ. ಬೇಡ ಅಂದ್ರೆ ನಾಳೆ ಬೇರೆ ತರ್ತೀನಿ,” ಅಂದಳು. ನಾನು ಕನ್ನಡಕ ಹಾಕಿಕೊಂಡು ಹುಡುಕಿದರೂ ಆ ಗೀರು ಕಾಣಲಿಲ್ಲ. ಮನೆಯಾಕೆಗೂ ಕಾಣಲಿಲ್ಲ. ಇರಲಿ ಬಿಡಮ್ಮ ಅಂದರು.

ಗಾಡಿಯಲ್ಲಿ ಕೇಳಿದೆ, “ಯಾರಿಗೂ ಕಾಣದ್ದನ್ನ ಯಾಕೆ ತೋರಿಸೋದು?”

“ನನಗೆ ಕಾಣುತ್ತಲ್ಲ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನನ್ನ ಕಣ್ಣು ಆ ಟೇಪಿನ ಕಡೆಗೇ ಹೋಯಿತು.

ಬರುವಾಗ ಮಾರುಕಟ್ಟೆಯ ಹತ್ತಿರ ಒಂದು ನಾಯಿ ಅಡ್ಡ ಬಂತು. ಗಕ್ಕನೆ ಬ್ರೇಕು. ಹಿಂದೆ ಗಾಜು ಒಮ್ಮೆ ಝಣ್ ಎಂದು ಸುಮ್ಮನಾಯಿತು, ಏನೂ ಒಡೆಯಲಿಲ್ಲ. ನಾಯಿಯೂ ಬದುಕಿತು. ನೋಡಿದರೆ ನನ್ನ ಬಲಗೈ ಅವಳ ಎದೆಗೂ ಸ್ಟೀರಿಂಗಿಗೂ ನಡುವೆ ಅಡ್ಡ ನಿಂತಿದೆ. ನಾನು ಇಟ್ಟದ್ದಲ್ಲ, ಅದೇ ಹೋಗಿತ್ತು.

“ಮಾಮಾ! ನಾನು ಡ್ರೈವರು. ನನಗೇ ಕೈ ಅಡ್ಡ ಹಿಡೀತೀಯಾ?”

“ಟ್ರ್ಯಾಕ್ಟರಿನ ಅಭ್ಯಾಸ,” ಅಂದೆ. ಟ್ರ್ಯಾಕ್ಟರಿನಲ್ಲಿ ಪಕ್ಕದ ಸೀಟೇ ಇರುವುದಿಲ್ಲ, ಅದು ಅವಳಿಗೆ ಹೊಳೆಯಲಿಲ್ಲ.

ಆ ಕೈಯನ್ನು ಮನೆಗೆ ಬಂದ ಮೇಲೆ ನೋಡಿದೆ. ಅರವತ್ಮೂರು ವರ್ಷದ ಕೈ, ಒಣಕಲು ಕಡ್ಡಿ. ಇದು ಯಾರನ್ನು ತಡೆಯುತ್ತದೆ?

ಡಿಸೆಂಬರ್ 19, ಗುರುವಾರ

ಸಂತೋಷದ ಸುದ್ದಿ: ಡಾಕ್ಟರು ಹುಡುಗಿಯ ಸೊಂಟ ನೋಡಿ, ಸುಧಾರಿಸಿದೆ, ಗಾಡಿ ಬಿಡಬೇಕಾಗಿಲ್ಲ ಅಂದರಂತೆ. ಮನೆಗೆ ಬಂದವಳು ನನ್ನ ಹತ್ತಿರ ಕೂತು ತಲೆಯನ್ನು ನನ್ನ ಭುಜಕ್ಕೆ ಒರಗಿಸಿದಳು. ಚಿಕ್ಕವಳಿದ್ದಾಗ ಹಾಗೆ ಮಾಡುತ್ತಿದ್ದಳು.

“ನನ್ನ ಅಂಗಡಿ ಉಳಿಸಿದೆ ಮಾಮಾ.”

ಬೇರೆ ದಿನವಾಗಿದ್ದರೆ ಈ ಮಾತಿಗೆ ನಾನು ಅರ್ಧ ಗಂಟೆ ಉತ್ತರ ಕೊಡುತ್ತಿದ್ದೆ. ನೀರು ಕುಡಿಯಬೇಕು ಎಂದು ಎದ್ದು ಹೋದೆ.

ಇನ್ನೊಂದು ಸುದ್ದಿ: ಶನಿವಾರ ಅಕ್ಕನನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾಳಂತೆ. ಹೆದ್ದಾರಿಯಲ್ಲಿ ಎರಡು ಗಂಟೆಯ ದಾರಿ.

“ನಾನೂ ಬರ್ತೀನಿ,” ಅಂದೆ.

“ಎಲ್ಲಿ ಕೂರ್ತೀಯಾ? ಗಾಜಿನ ಚೌಕಟ್ಟಿಗೆ ಒರಗಿಸಿ ಪಟ್ಟಿ ಬಿಗೀಲಾ?”

ಇರುವುದು ಎರಡೇ ಸೀಟು. ಅಕ್ಕನನ್ನು ಬಸ್ಸಿಗೆ ಕಳಿಸು ಅಂದೆ. ಅಕ್ಕ ದುರುಗುಟ್ಟಿ ನೋಡಿದಳು. ಹವಾ ಸರಿಯಿಲ್ಲ ಅಂದೆ. ಆಕಾಶದಲ್ಲಿ ಒಂದು ಮೋಡ ಇರಲಿಲ್ಲ. ಕಣ್ಣು ಚೆನ್ನಾಗೇ ಇದೆ, ಆಸ್ಪತ್ರೆ ಯಾಕೆ ಅಂದೆ. “ಚೆನ್ನಾಗಿದ್ರೆ ನೀನು ಇಷ್ಟು ಚೆಂದ ಯಾಕೋ ಕಾಣ್ತೀಯಾ?” ಅಂದಳು ಅಕ್ಕ.

ಡಿಸೆಂಬರ್ 20, ಶುಕ್ರವಾರ

ಹೇಳಬೇಕು ಎಂದು ಮೂರು ಸಲ ಬಾಯಿ ತೆರೆದೆ. ಮೊದಲ ಸಲ ಅವಳು ಗಾಜು ಕೊಯ್ಯುತ್ತಿದ್ದಳು, ಕೈ ತಪ್ಪೀತು ಎಂದು ಬಿಟ್ಟೆ. ಎರಡನೇ ಸಲ ಗಿರಾಕಿ ಬಂದರು. ಮೂರನೇ ಸಲ ಯಾರೂ ಇರಲಿಲ್ಲ, ಏನೂ ಅಡ್ಡಿಯಿರಲಿಲ್ಲ. ಆಕಳಿಸಿ ಬಾಯಿ ಮುಚ್ಚಿದೆ.

ಡಿಸೆಂಬರ್ 21, ಶನಿವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಬೆಳಕು ಹರಿಯುವ ಹೊತ್ತಿಗೆ, ಅವರಿಬ್ಬರೂ ತಯಾರಾಗುತ್ತಿದ್ದಾಗ, ಅಂಗಳಕ್ಕೆ ಹೋಗಿ ಬಾನೆಟ್ ಎತ್ತಿ ಬ್ಯಾಟರಿಯ ಒಂದು ವೈರು ಕಳಚಿಟ್ಟೆ. ಗಾಡಿ ಏಳದಿದ್ದರೆ ಬಸ್ಸಿಗೆ ಹೋಗುತ್ತಾರೆ. ಒಳ್ಳೆಯ ಉಪಾಯ ಅನ್ನಿಸಿತ್ತು.

ಅಕ್ಕ ಒಳ್ಳೆಯ ಸೀರೆ ಉಟ್ಟು, ಕೈಚೀಲ ಹಿಡಿದು, ಸೀಟಿನಲ್ಲಿ ಕೂತೂ ಆಯಿತು. ಹುಡುಗಿ ಕೀಲಿ ತಿರುಗಿಸಿದಳು. ಸದ್ದೇ ಇಲ್ಲ. ಇಳಿದಳು, ಬಾನೆಟ್ ಎತ್ತಿದಳು. ಎರಡು ನಿಮಿಷವೂ ಬೇಕಾಗಲಿಲ್ಲ. ಕಳಚಿದ ವೈರನ್ನು ಎರಡು ಬೆರಳಲ್ಲಿ ಹಿಡಿದುಕೊಂಡು, ಇಲಿಯ ಬಾಲ ಹಿಡಿದ ಹಾಗೆ, ನನ್ನ ಕಡೆ ತಿರುಗಿದಳು.

“ಮಾಮಾ. ನಿನ್ನ ಕೈಯೆಲ್ಲ ಗ್ರೀಸು.”

ನಾನು ಕೈ ಹಿಂದಕ್ಕೆ ಕಟ್ಟಿದೆ.

“ನಾವು ಹೋಗೋದು ನಿನಗೆ ಯಾಕೆ ಬೇಡ? ನಿಜ ಹೇಳು.”

ಹೇಳಿದೆ. ಹಳದಿ ಪ್ಲಗ್ಗು, ಕೆಂಪು ದೀಪ, ಟೇಪು, ಫ್ಯೂಸಣ್ಣ ಹೇಳಿದ ಮಾತು, ಎಲ್ಲ. ಹೇಳುವಾಗ ಅವಳ ಮುಖ ನೋಡಲಿಲ್ಲ, ಟಯರು ನೋಡುತ್ತಾ ಹೇಳಿದೆ.

ಅವಳು ವೈರು ಸಿಕ್ಕಿಸಿ, ಒಳಗೆ ಬಾಗಿ, ಟೇಪನ್ನು ಉಗುರಿನಿಂದ ಕಿತ್ತಳು. ಕೀಲಿ ತಿರುಗಿಸಿದಳು. ಕೆಂಪು ದೀಪ ಹಾಗೇ ಕೂತಿತ್ತು. ಟೇಪನ್ನು ಬೆರಳ ತುದಿಗೆ ಅಂಟಿಸಿಕೊಂಡು ನನ್ನ ಮುಂದೆ ಹಿಡಿದಳು.

“ಈ ಟೇಪು ನನಗೆ ಮೊದಲನೇ ದಿನವೇ ಕಂಡಿತ್ತು ಮಾಮಾ. ಪ್ಲಾಸ್ಟಿಕ್ಕು ಬಿರುಕು ಬಿಟ್ಟಿರಬೇಕು, ಮಾಮ ಹಚ್ಚಿದ್ದಾನೆ ಅಂದ್ಮೇಲೆ ಏನೋ ಕಾರಣ ಇರುತ್ತೆ ಅಂದ್ಕೊಂಡೆ. ಕೇಳಲೂ ಇಲ್ಲ.”

“ದೀಪ ಹತ್ತಿಸಿದ್ದು ಬೇಕೂಂತ ಅಲ್ಲ...”

“ದೀಪಕ್ಕೆ ನಾನೇನೂ ಅಂತಿಲ್ಲ. ಕೈ ಕೆಲಸ ಮಾಡೋರ ಹತ್ರ ಒಡೆಯುತ್ತೆ, ಕೆಡುತ್ತೆ. ನನ್ನ ಕೈಯಲ್ಲಿ ಎಷ್ಟು ಗಾಜು ಹೋಗಿಲ್ಲ? ಆದ್ರೆ ಮುಚ್ಚಿಟ್ಯಲ್ಲ. ಹನ್ನೆರಡು ದಿನ.”

ಜೋರಾಗಿ ಬೈದಿದ್ದರೆ ಚೆನ್ನಾಗಿತ್ತು. ಮೆಲ್ಲಗೆ ಹೇಳಿದಳು.

ಅಕ್ಕ ಗಾಡಿಯಿಂದ ಇಳಿದು ನನ್ನ ಹತ್ತಿರ ಬಂದು ನಿಂತಳು. ಬೈಯುತ್ತಾಳೆ ಎಂದುಕೊಂಡೆ. “ಹೊಟ್ಟೆಗೆ ಏನಾದ್ರೂ ತಿನ್ನು, ಒಳಗೆ ಮುಚ್ಚಿಟ್ಟಿದೀನಿ,” ಅಂದಳು. ಅದು ಇನ್ನೂ ಕಷ್ಟವಾಯಿತು.

ಇಬ್ಬರೂ ಬಸ್ಸಿಗೆ ಹೋದರು. ಗೇಟಿನಿಂದ ನೋಡಿದೆ. ಬಸ್ಸು ಬರುವವರೆಗೆ ಹುಡುಗಿ ಸೊಂಟಕ್ಕೆ ಕೈ ಕೊಟ್ಟುಕೊಂಡು, ಒಂದು ಕಾಲಿನ ಮೇಲೆ ಭಾರ ಹಾಕಿ ನಿಂತಿದ್ದಳು.

ಡಿಸೆಂಬರ್ 22, ಭಾನುವಾರ

ಅಕ್ಕನ ಕಣ್ಣು ಪರವಾಗಿಲ್ಲವಂತೆ, ಹನಿ ಹಾಕಿದರೆ ಸಾಕಂತೆ. ಇದನ್ನು ಅಕ್ಕ ಹೇಳಿದಳು. ಹುಡುಗಿ ನನ್ನ ಹತ್ತಿರ ಮಾತಾಡಲಿಲ್ಲ. ಟೀ ತಂದಿಟ್ಟಳು, ಲೋಟದ ಸದ್ದಷ್ಟೇ ಆಯಿತು.

ಊರಿಗೆ ಹೊರಟುಬಿಡೋಣ ಎಂದು ಚೀಲ ತೆಗೆದೆ. ಆಮೇಲೆ, ದೀಪ ಹತ್ತಿಸಿಟ್ಟು ಓಡಿಹೋದ ಅನ್ನಿಸಿಕೊಳ್ಳುವುದಾ, ಎಂದು ಚೀಲ ಒಳಗಿಟ್ಟೆ. ಚಪ್ಪಲಿ ಮೆಟ್ಟಿಕೊಂಡು ಫ್ಯೂಸಣ್ಣನ ಮನೆಗೆ ಹೋದೆ.

“ಆ ಸ್ನೇಹಿತ ನಾನೇ,” ಅಂದೆ ಬಾಗಿಲಲ್ಲೇ.

ಅವನು ನಗುತ್ತಾನೆ ಎಂದು ಕಾದೆ. ನಗಲಿಲ್ಲ. “ಗಾಡಿ ಓಡಿಸ್ತಿದಾರಾ?” ಎಂದು ಕೇಳಿದ. ನಿನ್ನೆಯಿಂದ ನಿಲ್ಲಿಸಿದೆ ಅಂದೆ. “ನಾಳೆ ಬೆಳಿಗ್ಗೆ ಬರ್ತೀನಿ,” ಅಂದ.

ಡಿಸೆಂಬರ್ 23, ಸೋಮವಾರ

ಫ್ಯೂಸಣ್ಣ ಪುಸ್ತಕದಷ್ಟು ದೊಡ್ಡ ಒಂದು ಯಂತ್ರ ತಂದು ಸ್ಟೀರಿಂಗಿನ ಕೆಳಗೆ ಸಿಕ್ಕಿಸಿದ. ಗಾಡಿಗೆ ಏನು ಕಾಯಿಲೆ ಎಂದು ಅದರಲ್ಲಿ ಬರುತ್ತದೆ.

“ಸೀಟು ಹೊರಗಿದ್ದಾಗ ಕೀಲಿ ತಿರುಗಿಸಿದ್ರಾ?”

“ರೇಡಿಯೋಗೆ.”

“ಬ್ಯಾಟರಿ ಮೈನಸ್ ತೆಗೆದಿರಲಿಲ್ವಾ?”

“ಮುಟ್ಟಬೇಡ ಅಂತ ಕಾಗದದಲ್ಲೇ ಅಡ್ಡ ಗೆರೆ ಹೊಡೆದಿತ್ತಪ್ಪ.”

ಕಾಗದ ತಂದು ತೋರಿಸಿದೆ. ನೋಡಿ ತಲೆ ಚಚ್ಚಿಕೊಂಡ. ಅಡ್ಡ ಗೆರೆ ಅಂದರೆ ಮೊದಲು ಆ ವೈರು ಕಳಚಿ ಅಂತ. ಹಳದಿ ಪ್ಲಗ್ಗು ಏರ್‌ಬ್ಯಾಗಿನದು. ಕರೆಂಟು ಇರುವಾಗ ಅದು ಕಾಣದಿದ್ದರೆ ಗಾಡಿ ಗಾಬರಿಯಾಗಿ ದೀಪ ಹತ್ತಿಸಿ, ಏರ್‌ಬ್ಯಾಗನ್ನೇ ನಿಲ್ಲಿಸಿಬಿಡುತ್ತದೆ. ಅಂದರೆ ಕಳಚಬೇಕಾದ ದಿನ ಕಳಚದೆ, ಕಳಚಬಾರದ ದಿನ ಕಳಚಿದವನು ನಾನು. ಮೇಲಾಗಿ ಆ ಪ್ಲಗ್ಗು ಅರ್ಧವೇ ಕೂತಿತ್ತು. ಮೊದಲು ಮೈನಸ್ ತೆಗೆಸಿ, ಹತ್ತು ನಿಮಿಷ ಕಾಯಿಸಿ, ಆಮೇಲೆ ನನ್ನ ಕೈಯಿಂದಲೇ ಪ್ಲಗ್ಗು ಒತ್ತಿಸಿದ. ಟಕ್ ಅಂದಿತು.

ವೈರು ಸಿಕ್ಕಿಸಿ, ಯಂತ್ರದಲ್ಲಿ ಏನೋ ಒತ್ತಿ, ಹುಡುಗಿಯನ್ನು ಕರೆದು ಕೀಲಿ ತಿರುಗಿಸಲು ಹೇಳಿದ. ದೀಪ ಹತ್ತಿತು. ಒಂದು, ಎರಡು, ಮೂರು ಎಂದು ಎಣಿಸುವಷ್ಟರಲ್ಲಿ ಆರಿತು.

“ಹೀಗೆ ಹತ್ತಿ ಆರಿದ್ರೆ ಆರೋಗ್ಯ,” ಅಂದ ಫ್ಯೂಸಣ್ಣ.

ಆಮೇಲೆ ಕಾರ್ಪೆಟ್ಟು ಎತ್ತಿ ನನ್ನ ವೈರು, ರಿಲೇ, ಫ್ಯೂಸು ಒಂದೊಂದನ್ನೂ ನೋಡಿದ. ಕವರು ಕಚ್ಚಿಸಿದ ಬಳೆಗಳನ್ನು ಬೆರಳಲ್ಲಿ ಎಳೆದು ನೋಡಿದ. “ಇದನ್ನ ನಾನು ಮಾಡಿದ್ರೂ ಇಷ್ಟು ನೀಟಾಗಿ ಬರ್ತಿರಲಿಲ್ಲ ಯಜಮಾನ್ರೇ,” ಅಂದ.

ಇಷ್ಟು ಹೊತ್ತಾದ ಮೇಲೆ ನೆನಪಾಗುತ್ತಿದೆ, ಈ ಮಾತನ್ನು ಅಕ್ಕನಿಗೆ ಹೇಳುವುದೇ ಮರೆತೆ. ವಯಸ್ಸಾಯಿತು.

ಹುಡುಗಿ ಫ್ಯೂಸಣ್ಣನ ಹತ್ತಿರ ಮಾತಾಡಿದಳು. ನನ್ನ ಹತ್ತಿರ ಇಲ್ಲ.

ಡಿಸೆಂಬರ್ 26, ಗುರುವಾರ

“ಮಾಮಾ, ಆ ರಟ್ಟು ಕೊಡು.”

ನಾಲ್ಕು ಪದ. ಕೊಟ್ಟೆ.

ಡಿಸೆಂಬರ್ 30, ಸೋಮವಾರ

ಒಂದು ಬಟ್ಟೆ ಅಂಗಡಿಯ ಮುಂಭಾಗಕ್ಕೆ ದೊಡ್ಡ ಗಾಜು ಸಾಗಿಸುವುದಿತ್ತು, ಆಳೆತ್ತರದ್ದು. ಅಂಗಡಿಯ ಆಳು ಇನ್ನಿಬ್ಬರನ್ನು ಕರೆದುಕೊಂಡು ಬಸ್ಸಿನಲ್ಲಿ ಮುಂದೆ ಹೋದ. ಹುಡುಗಿ ಗಾಡಿ ಹತ್ತಿ, ಎಂಜಿನ್ ಶುರು ಮಾಡಿ, ಹೋಗದೆ ನಿಂತಳು. ಪಕ್ಕದ ಬಾಗಿಲನ್ನು ಒಳಗಿನಿಂದ ತಳ್ಳಿ ತೆರೆದಳು.

“ಹತ್ತು. ಇನ್ನೂ ಕರೀಬೇಕಾ?”

ಹತ್ತಿದೆ. ಬೆಲ್ಟು ಹಾಕಿಕೊಂಡೆ. ನಿಧಾನ ಎಂದು ಹೇಳಬೇಕೆನ್ನಿಸಲಿಲ್ಲ. ಅವಳು ಮೂವತ್ತರಲ್ಲೇ ಹೋದಳು. ಅಂಗಡಿಗಳು, ಶಾಲೆ, ಪೆಟ್ರೋಲ್ ಬಂಕು ದಾಟಿದೆವು. ಇಳಿಜಾರಿನಲ್ಲಿ ಬ್ರೇಕು ತುಳಿದಾಗ ಎಡಗಡೆ ಚಕ್ರದಿಂದ ಕಿರ್ ಎಂದು ಒಂದು ಸದ್ದು ಬಂತು. ಇನ್ನೊಮ್ಮೆ ತುಳಿದಳು. ಮತ್ತೆ ಕಿರ್.

“ಏನದು ಸದ್ದು ಮಾಮಾ?”

ಕಲ್ಲು ಸಿಕ್ಕಿರಬಹುದು, ಧೂಳಿರಬಹುದು, ಬ್ರೇಕಿನ ಪ್ಯಾಡು ಸವೆದಿರಬಹುದು. ಮೂರೂ ನಾಲಿಗೆಯ ತುದಿಯಲ್ಲಿ ಸಾಲಾಗಿ ನಿಂತಿದ್ದವು, ಯಾವುದನ್ನು ಹೇಳಿದ್ದರೂ ನಂಬುವ ಹಾಗೆ ಹೇಳುತ್ತಿದ್ದೆ. ಆದರೆ ಯಾವುದೆಂದು ನನಗೆ ಗೊತ್ತಿರಲಿಲ್ಲ.

“ಗೊತ್ತಿಲ್ಲ,” ಅಂದೆ. “ಗೊತ್ತಿರೋರಿಗೆ ತೋರಿಸು.”

ಅವಳು ಗಾಡಿಯನ್ನು ರಸ್ತೆ ಬದಿಗೆ ತೆಗೆದುಕೊಂಡು ನಿಲ್ಲಿಸಿಯೇಬಿಟ್ಟಳು. ಪೂರ್ತಿ ನನ್ನ ಕಡೆ ತಿರುಗಿದಳು. ಸೊಂಟ ಈಗ ಚೆನ್ನಾಗಿ ತಿರುಗುತ್ತದೆ.

“ಇನ್ನೊಂದ್ಸಲ ಹೇಳು.”

“ಏನು?”

“ಈಗ ಹೇಳಿದ್ಯಲ್ಲ, ಅದು.”

“ಗೊತ್ತಿಲ್ಲ ಅಂದೆ. ಕಿವೀಲಿ ಲಪ್ಪ ತುಂಬಿದೆಯಾ ನಿನಗೆ?”

ನಗೆ ಶುರುವಾಯಿತು ನೋಡು, ಸ್ಟೀರಿಂಗಿನ ಮೇಲೆ ತಲೆ ಇಟ್ಟು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. ಹಾರ್ನು ಒತ್ತಿಹೋಗಿ ಮುಂದಿನ ಬೈಸಿಕಲ್ಲಿನವನು ಬೆಚ್ಚಿಬಿದ್ದ. ನಾನೂ ನಕ್ಕೆ, ಯಾಕೆ ಎಂದು ಗೊತ್ತಾಗದೆ. ಅವಳು ಕಣ್ಣು ಒರೆಸಿಕೊಂಡು ಮತ್ತೆ ಗೇರು ಹಾಕಿದಳು.

“ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅನ್ನೋಕೂ ಬರುತ್ತೆ ನಿನಗೆ. ಹಾಗಾದ್ರೆ ಮಾಮಾ, ಈ ಸೀಟು ಚೆನ್ನಾಗಿದೆ ಅಂತ ಹೇಳ್ತಿದ್ಯಲ್ಲ, ಅದು ನಿಜಾನೇ ಇರಬೇಕು.”

ಇದೆಂಥ ಮಾತು! ಇರಬೇಕಂತೆ! ಇಂಥ ಸೀಟನ್ನು ಈ ಊರಲ್ಲಿ ಇನ್ನೊಬ್ಬ ಮಾಡಿ ತೋರಿಸಲಿ. ಫ್ಯೂಸಣ್ಣನನ್ನು ಬಿಟ್ಟು.